ವಿದೇಶದ ಉದ್ಯೋಗ ಮತ್ತು ಲಸಿಕೆ: ಹೊರಡುವ ಮುನ್ನ, ತಲುಪಿದ ನಂತರ

ಉದ್ಯೋಗಕ್ಕಾಗಿ ಹೊರದೇಶಕ್ಕೆ ತೆರಳುವವರು ಎಷ್ಟೋ ತಿಂಗಳು ಮೊದಲೇ ಸಿದ್ಧತೆ ಆರಂಭಿಸುತ್ತಾರೆ. ಪಾಸ್‌ಪೋರ್ಟ್, ವೀಸಾ, ಉದ್ಯೋಗದ ಕರಾರುಪತ್ರ, ವಿಮಾನದ ಟಿಕೆಟ್ಟು, ಕೊಂಡೊಯ್ಯಬೇಕಾದ ಸಾಮಾನು ಇವೆಲ್ಲಕ್ಕೂ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಲಸಿಕೆಗೆ ಸಾಮಾನ್ಯವಾಗಿ ಕೊನೆಯ ಸ್ಥಾನ. ಚುಚ್ಚಿಸಿಕೊಳ್ಳಲು ಐದು ನಿಮಿಷ ಸಾಕು, ಹೊರಡುವ ಹಿಂದಿನ ದಿನ ಮಾಡಿಸಿಕೊಂಡರಾಯಿತು ಎಂಬ ಭಾವನೆಯೇ ಇದಕ್ಕೆ ಕಾರಣ. ಚುಚ್ಚುವುದಕ್ಕೆ ಐದು ನಿಮಿಷ ಸಾಕೆಂಬುದು ನಿಜ. ಆದರೆ ಆ ಲಸಿಕೆಯು ದೇಹದಲ್ಲಿ ರೋಗನಿರೋಧಕ ಶಕ್ತಿಯನ್ನು ಉಂಟುಮಾಡಲು ದಿನಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಕಾನೂನು ಸಹ ಆ ದಿನಗಳನ್ನು ಲೆಕ್ಕ ಹಾಕಿಯೇ ಪ್ರಮಾಣಪತ್ರವನ್ನು ಮಾನ್ಯ ಮಾಡುತ್ತದೆ.

ಆದ್ದರಿಂದ ವಿದೇಶಕ್ಕೆ ತೆರಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಯಾವ ಲಸಿಕೆ ಬೇಕು ಎಂಬುದು ಮೊದಲನೆಯದು. ಅದು ಯಾವ ದಿನದೊಳಗೆ ಮುಗಿದಿರಬೇಕು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯನ್ನು ಮರೆತವರೇ ಹೆಚ್ಚಾಗಿ ತೊಂದರೆಗೆ ಸಿಲುಕುತ್ತಾರೆ. ಯಾವುದನ್ನು ಇಲ್ಲಿಯೇ ಮುಗಿಸಿ ಹೊರಡಬೇಕು, ಯಾವುದನ್ನು ಅಲ್ಲಿಗೆ ಹೋದ ಮೇಲೂ ಪಡೆಯಬಹುದು ಎಂಬುದನ್ನು ವಿವರಿಸುವುದೇ ಈ ಪಾಠದ ಉದ್ದೇಶ.

1. ಕಾನೂನಿಗಾಗಿ ಲಸಿಕೆ, ಆರೋಗ್ಯಕ್ಕಾಗಿ ಲಸಿಕೆ

ಪ್ರಯಾಣಿಕನು ಪಡೆಯುವ ಲಸಿಕೆಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ದೇಶದ ಗಡಿಯಲ್ಲಿ ಅಧಿಕಾರಿಗಳು ಕೇಳುವಂಥವು ಒಂದು ವರ್ಗ. ಯಾರೂ ಕೇಳದಿದ್ದರೂ ನಮ್ಮ ರಕ್ಷಣೆಗಾಗಿ ನಾವೇ ಪಡೆಯಬೇಕಾದವು ಇನ್ನೊಂದು ವರ್ಗ.

ಹಿಂದೆ ಸಿಡುಬು ಮತ್ತು ಕಾಲರಾ ಲಸಿಕೆಗಳ ಪ್ರಮಾಣಪತ್ರವಿಲ್ಲದೆ ಅನೇಕ ದೇಶಗಳನ್ನು ಪ್ರವೇಶಿಸುವಂತಿರಲಿಲ್ಲ. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಿಂದ ಕಾಲರಾ ಪ್ರಮಾಣಪತ್ರದ ಅಗತ್ಯವನ್ನು 1973ರಲ್ಲಿ ಕೈಬಿಡಲಾಯಿತು. ಸಿಡುಬು ಭೂಮಿಯಿಂದಲೇ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿಸಲಾಯಿತು. ಈಗ ಜಾರಿಯಲ್ಲಿರುವ 2005ರ ನಿಯಮಗಳು ಪ್ರವೇಶದ ಷರತ್ತಾಗಿ ಪ್ರಮಾಣಪತ್ರ ಕೇಳಬಹುದೆಂದು ಹೆಸರಿಸಿ ಹೇಳಿರುವುದು ಒಂದೇ ರೋಗವನ್ನು. ಅದು ಹಳದಿ ಜ್ವರ. ಇದಲ್ಲದೆ ಆಯಾ ದೇಶಗಳು ತಮ್ಮ ವೀಸಾ, ಉದ್ಯೋಗ ಅಥವಾ ಶಾಲೆಯ ನಿಯಮಗಳ ಮೂಲಕ ಬೇರೆ ಲಸಿಕೆಗಳನ್ನು ಕೇಳುವುದುಂಟು.

2. ಹಳದಿ ಜ್ವರ: ಹತ್ತು ದಿನಗಳ ಲೆಕ್ಕ

ಹಳದಿ ಜ್ವರವು ವೈರಾಣುವಿನಿಂದ ಬರುವ ರೋಗ. ಆಫ್ರಿಕ ಖಂಡದ ಮತ್ತು ದಕ್ಷಿಣ ಅಮೆರಿಕದ ಅನೇಕ ದೇಶಗಳಲ್ಲಿ ಇದು ನೆಲೆಯೂರಿದೆ. ರೋಗ ತೀವ್ರವಾದಾಗ ಯಕೃತ್ತು ಹಾನಿಗೊಂಡು ಕಣ್ಣು ಮತ್ತು ಚರ್ಮ ಹಳದಿಯಾಗುತ್ತವೆ. ರಕ್ತಸ್ರಾವವಾಗಿ ಪ್ರಾಣಾಪಾಯವೂ ಉಂಟಾಗುತ್ತದೆ. ಈ ವೈರಾಣುವನ್ನು ನಾಶಮಾಡುವ ನಿರ್ದಿಷ್ಟ ಔಷಧಿ ಇಲ್ಲ. ಆದರೆ ಉತ್ತಮ ಲಸಿಕೆ ಇದೆ. ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ರೂಪಿಸಿದ ‘17ಡಿ’ ಎಂಬ ಲಸಿಕೆಯ ತಳಿಯೇ ಇಂದಿಗೂ ಬಳಕೆಯಲ್ಲಿದೆ. ಇದಕ್ಕಾಗಿ ಅವರಿಗೆ 1951ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಭಾರತದಲ್ಲಿ ಹಳದಿ ಜ್ವರವಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮಲ್ಲಿ ಹೇರಳವಾಗಿದೆ. ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ಮಳೆಗಾಲ ಬಂತೆಂದರೆ ಡೆಂಗಿಯನ್ನು ಹರಡುವ ಸೊಳ್ಳೆಯೂ ಇದೇ. ಸೊಳ್ಳೆಯಿದೆ, ರೋಗನಿರೋಧಕ ಶಕ್ತಿಯಿಲ್ಲದ ಕೋಟ್ಯಂತರ ಜನರಿದ್ದಾರೆ. ವೈರಾಣುವೊಂದು ಮಾತ್ರ ಬಂದಿಲ್ಲ. ಅದು ಬಾರದಂತೆ ತಡೆಯುವುದಕ್ಕಾಗಿಯೇ ನಮ್ಮ ದೇಶದ ನಿಯಮಗಳು ಕಟ್ಟುನಿಟ್ಟಾಗಿವೆ. ಈ ಎಚ್ಚರಿಕೆ ಅನಗತ್ಯವೇನಲ್ಲ. ಅಂಗೋಲದಲ್ಲಿ ರೋಗ ಹಬ್ಬಿದ್ದಾಗ ಅಲ್ಲಿಂದ ಚೀನಕ್ಕೆ ಮರಳಿದವರಲ್ಲಿ 11 ಮಂದಿಗೆ ಹಳದಿ ಜ್ವರವಿರುವುದು 2016ರಲ್ಲಿ ಪತ್ತೆಯಾಯಿತು. ಏಷ್ಯ ಖಂಡದಲ್ಲಿ ಈ ರೋಗ ಪತ್ತೆಯಾದದ್ದು ಅದೇ ಮೊದಲು.

ಈ ಲಸಿಕೆಯ ಒಂದು ಚುಚ್ಚು ಜೀವಮಾನಕ್ಕೆ ಸಾಕು. ಹಿಂದೆ ಪ್ರಮಾಣಪತ್ರದ ಅವಧಿ ಹತ್ತು ವರ್ಷವಾಗಿತ್ತು. 2016ರ ಜುಲೈ 11ರಿಂದ ಅದು ಜೀವಾವಧಿ ಮಾನ್ಯವಾಗಿದೆ. ಅದಕ್ಕೂ ಮೊದಲು ಪಡೆದ ಪ್ರಮಾಣಪತ್ರಗಳಿಗೂ ಇದು ಅನ್ವಯಿಸುತ್ತದೆ. ಆದರೆ ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ. ಐದನೆಯ ತಾರೀಖು ಲಸಿಕೆ ಪಡೆದವರ ಪ್ರಮಾಣಪತ್ರಕ್ಕೆ ಹದಿನೈದನೆಯ ತಾರೀಖಿನಿಂದ ಬೆಲೆ. ಹನ್ನೆರಡನೆಯ ತಾರೀಖು ವಿಮಾನ ಏರಿ ಮರುದಿನ ಇಳಿದವರು ಕೈಯಲ್ಲಿ ಪ್ರಮಾಣಪತ್ರವಿದ್ದೂ ಇಲ್ಲದವರಂತೆಯೇ ಸರಿ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಘಾನಾ, ಉಗಾಂಡ, ಅಂಗೋಲ ಮೊದಲಾದ ದೇಶಗಳು ಒಳಬರುವ ಎಲ್ಲರಿಂದಲೂ ಈ ಪ್ರಮಾಣಪತ್ರವನ್ನು ಕೇಳುತ್ತವೆ. ಕೆನ್ಯದಂಥ ದೇಶವಾದರೋ ಭಾರತದಿಂದ ನೇರವಾಗಿ ಬರುವವರನ್ನು ಕೇಳುವುದಿಲ್ಲ. ಭಾರತದಲ್ಲಿ ರೋಗವಿಲ್ಲವೆಂಬುದೇ ಕಾರಣ. ಇದನ್ನು ತಿಳಿದವರು ಲಸಿಕೆ ಬೇಕಿಲ್ಲವೆಂದು ಭಾವಿಸಿ ಹೊರಟುಬಿಡುವುದುಂಟು. ಆದರೆ ಮರಳಿ ಬರುವಾಗ ಪ್ರಮಾಣಪತ್ರ ಕೇಳುವುದು ನಮ್ಮ ದೇಶವೇ. ರೋಗಪೀಡಿತ ದೇಶವನ್ನು ಬಿಟ್ಟ ಆರು ದಿನಗಳೊಳಗೆ ಊರ್ಜಿತ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ನಿಯಮಗಳಲ್ಲಿ ಅವಕಾಶವಿದೆ. ಮನೆಯಲ್ಲಿ ಮದುವೆಯಿರಲಿ, ಸಾವಿನ ಸುದ್ದಿ ಕೇಳಿ ಬಂದಿರಲಿ, ನಿಯಮ ಒಂದೇ.

2023ರ ಏಪ್ರಿಲ್ ತಿಂಗಳಲ್ಲಿ ಸುಡಾನ್ ದೇಶದಲ್ಲಿ ಸಶಸ್ತ್ರ ಸಂಘರ್ಷ ಆರಂಭವಾದಾಗ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಭಾರತೀಯರನ್ನು ಕರೆತರಲಾಯಿತು. ಗಿಡಮೂಲಿಕೆ ಔಷಧಿ, ತೈಲಗಳ ಮಾರಾಟಕ್ಕೆಂದು ಅಲ್ಲಿಗೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಅಲ್ಲಿ ಸಿಲುಕಿಕೊಂಡಿದ್ದರು. ಅದೇ ತಿಂಗಳ 30ರಂದು ಕೇಂದ್ರ ಆರೋಗ್ಯ ಮಂತ್ರಾಲಯವು ನೀಡಿದ ಮಾಹಿತಿಯಂತೆ, ಅಲ್ಲಿಯವರೆಗೆ ಸುಡಾನಿನಿಂದ ಬಂದಿಳಿದ 1,191 ಮಂದಿಯಲ್ಲಿ 117 ಮಂದಿಯನ್ನು ಪ್ರತ್ಯೇಕವಾಗಿ ಇರಿಸಲಾಗಿತ್ತು. ಅವರು ಹಳದಿ ಜ್ವರದ ಲಸಿಕೆ ಪಡೆದಿರಲಿಲ್ಲ. ಗುಂಡಿನ ಸದ್ದಿನಿಂದ ಪಾರಾಗಿ ತಾಯ್ನಾಡಿನ ನೆಲ ಮುಟ್ಟಿದ ಮೇಲೂ ಮನೆಯವರ ಮುಖ ನೋಡಲು ಅವರು ಕಾಯಬೇಕಾಯಿತು. ಹೊರಡುವ ಮುನ್ನ ಪಡೆಯುವ ಒಂದು ಚುಚ್ಚಿನ ಬೆಲೆಯೇನೆಂಬುದು ಇದರಿಂದ ತಿಳಿಯುತ್ತದೆ.

ವಿಮಾನ ಬದಲಿಸುವ ನಿಲ್ದಾಣಕ್ಕೂ ಮಹತ್ವವಿದೆ. ದಕ್ಷಿಣ ಆಫ್ರಿಕದಲ್ಲಿ ಹಳದಿ ಜ್ವರವಿಲ್ಲ. ಆದರೂ ರೋಗವಿರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಳಿಗೂ ಹೆಚ್ಚು ಕಾಲ ತಂಗಿ ಬಂದವರಿಂದ ಅದು ಪ್ರಮಾಣಪತ್ರ ಕೇಳುತ್ತದೆ. ಆದ್ದರಿಂದ ಟಿಕೆಟ್ಟು ಕೊಳ್ಳುವಾಗಲೇ ದಾರಿಯನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಈ ಲಸಿಕೆಯನ್ನು ಎಲ್ಲ ಆಸ್ಪತ್ರೆಗಳಲ್ಲಿ ಕೊಡುವುದಿಲ್ಲ. ಕೇಂದ್ರ ಆರೋಗ್ಯ ಮಂತ್ರಾಲಯದ ಅಂಗೀಕಾರ ಪಡೆದ ಕೇಂದ್ರಗಳ ಪ್ರಮಾಣಪತ್ರ ಮಾತ್ರ ಮಾನ್ಯ. ಮುಂಬಯಿ ಮತ್ತು ಚೆನ್ನೈಗಳಲ್ಲಿ ಬಂದರು ಆರೋಗ್ಯ ಸಂಸ್ಥೆ, ಚೆನ್ನೈಯ ಗಿಂಡಿಯಲ್ಲಿರುವ ಕಿಂಗ್ ಸಂಸ್ಥೆ, ಹೈದರಾಬಾದಿನ ನಾರಾಯಣಗುಡಾದ ರೋಗ ಪ್ರತಿಬಂಧಕ ವೈದ್ಯ ಸಂಸ್ಥೆ, ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆ ಇಂಥ ಕೇಂದ್ರಗಳು. ಪುಣೆ ಮತ್ತು ಇತರ ಊರುಗಳವರು ಮಂತ್ರಾಲಯದ ಪಟ್ಟಿಯಲ್ಲಿ ಸಮೀಪದ ಕೇಂದ್ರವನ್ನು ನೋಡಿಕೊಳ್ಳಬೇಕು. ಸೀಸೆಯೊಂದನ್ನು ತೆರೆದು ಲಸಿಕೆಯನ್ನು ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಅದನ್ನು ಬಳಸಿ ಮುಗಿಸಬೇಕಾಗುತ್ತದೆ. ಈ ಕಾರಣದಿಂದ ಹಲವು ಕೇಂದ್ರಗಳು ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಲಸಿಕೆ ಹಾಕುತ್ತವೆ. ದಿನವನ್ನು ಮೊದಲೇ ವಿಚಾರಿಸಿ, ಪಾಸ್‌ಪೋರ್ಟಿನೊಡನೆ ಹೋಗಬೇಕು. ಲಸಿಕೆ ಹಾಕದೆಯೇ ಪ್ರಮಾಣಪತ್ರ ಕೊಡಿಸುವೆನೆನ್ನುವ ಮಧ್ಯವರ್ತಿಯನ್ನು ದೂರವಿಡಬೇಕು. ಸುಳ್ಳು ಪ್ರಮಾಣಪತ್ರದಿಂದ ಅಪರಾಧಕ್ಕೂ ಗುರಿ, ರೋಗಕ್ಕೂ ಗುರಿ.

3. ಹೆಪಟೈಟಿಸ್-ಬಿ: ಆರು ತಿಂಗಳ ಲೆಕ್ಕ

ಹಳದಿ ಜ್ವರದ ಲಸಿಕೆಗೆ ಹತ್ತು ದಿನ ಬೇಕಾದರೆ ಹೆಪಟೈಟಿಸ್-ಬಿ ಲಸಿಕೆಗೆ ಆರು ತಿಂಗಳು ಬೇಕು. ಇದು ರಕ್ತದ ಮೂಲಕ, ಲೈಂಗಿಕ ಸಂಪರ್ಕದ ಮೂಲಕ ಮತ್ತು ತಾಯಿಯಿಂದ ಮಗುವಿಗೆ ಹರಡುವ ಯಕೃತ್ತಿನ ರೋಗ. ಸಾಮಾನ್ಯ ಕ್ರಮದಲ್ಲಿ ಮೂರು ಚುಚ್ಚುಗಳನ್ನು ಕೊಡುತ್ತಾರೆ. ಜೂನ್ 1ರಂದು ಮೊದಲನೆಯದಾದರೆ ಜುಲೈ 1ರಂದು ಎರಡನೆಯದು, ಡಿಸೆಂಬರ್ 1ರಂದು ಮೂರನೆಯದು. ಕಾಲಾವಕಾಶ ಕಡಿಮೆಯಿದ್ದಲ್ಲಿ ಮೊದಲ ದಿನ, 7ನೆಯ ದಿನ ಮತ್ತು 21ನೆಯ ದಿನ ಕೊಟ್ಟು, ವರ್ಷ ತುಂಬಿದಾಗ ನಾಲ್ಕನೆಯದನ್ನು ಕೊಡುವ ತ್ವರಿತ ಕ್ರಮವೂ ಇದೆ. ಇದನ್ನು ವೈದ್ಯರು ನಿರ್ಧರಿಸಬೇಕು.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಲಸಿಕೆಯು 2002ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ದೇಶದಾದ್ಯಂತ ಹರಡಲು ಸುಮಾರು ಒಂದು ದಶಕ ಹಿಡಿಯಿತು. ಇಂದು ಉದ್ಯೋಗಕ್ಕೆ ಹೊರಡುವ ವಯಸ್ಕರಲ್ಲಿ ಬಹುಮಂದಿ ಬಾಲ್ಯದಲ್ಲಿ ಇದನ್ನು ಪಡೆದಿರಲಾರರು ಎಂಬುದು ಇದರಿಂದ ಸ್ಪಷ್ಟ.

ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಆ ದೇಶಗಳ ಉದ್ಯೋಗ ವೀಸಾಕ್ಕೆ ವೈದ್ಯಕೀಯ ಪರೀಕ್ಷೆ ಕಡ್ಡಾಯ. ಎದೆಯ ಎಕ್ಸ್‌-ರೇ ತೆಗೆದು ಕ್ಷಯರೋಗವನ್ನೂ, ರಕ್ತ ಪರೀಕ್ಷೆಯಿಂದ ಎಚ್.ಐ.ವಿ., ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ ಸೋಂಕುಗಳನ್ನೂ ಪತ್ತೆಹಚ್ಚುತ್ತಾರೆ. ಸೋಂಕು ಕಂಡುಬಂದವರನ್ನು ಅನರ್ಹರೆಂದು ಘೋಷಿಸುತ್ತಾರೆ. ಈಗಾಗಲೇ ಸೋಂಕು ತಗುಲಿದವರಿಗೆ ಲಸಿಕೆಯಿಂದ ಪ್ರಯೋಜನವಿಲ್ಲ; ಅವರಿಗೆ ಬೇಕಾದದ್ದು ತಜ್ಞ ವೈದ್ಯರ ಚಿಕಿತ್ಸೆ. ಆದ್ದರಿಂದ ಸಾಲ ಮಾಡಿ ಏಜೆಂಟನಿಗೆ ಹಣ ಕಟ್ಟುವ ಮೊದಲೇ ಸ್ವಂತವಾಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ.

ಪರೀಕ್ಷೆ ಮತ್ತು ಲಸಿಕೆಗಳ ಕ್ರಮವೂ ಮುಖ್ಯ. ಹೆಪಟೈಟಿಸ್-ಬಿ ಲಸಿಕೆ ಪಡೆದ ನಂತರದ ಎರಡು ಮೂರು ವಾರಗಳವರೆಗೆ ಲಸಿಕೆಯ ಅಂಶವೇ ರಕ್ತದಲ್ಲಿ ಉಳಿದು, ಸೋಂಕಿಲ್ಲದವರಲ್ಲೂ ಸೋಂಕಿರುವಂತೆ ಪರೀಕ್ಷೆ ತೋರಿಸಬಹುದು. ಮೊದಲು ರಕ್ತ ಪರೀಕ್ಷೆ, ಅನಂತರ ಲಸಿಕೆ ಎಂಬ ಕ್ರಮವನ್ನು ಪಾಲಿಸಿದರೆ ಈ ಗೊಂದಲಕ್ಕೆ ಎಡೆಯಿರುವುದಿಲ್ಲ.

4. ಕೆಲಸಕ್ಕೆ ತಕ್ಕ ಲಸಿಕೆ

ಹೋಗುವ ದೇಶದಷ್ಟೇ ಅಲ್ಲಿ ಮಾಡುವ ಕೆಲಸವನ್ನೂ ಲಕ್ಷ್ಯದಲ್ಲಿಡಬೇಕು.

ದಾದಿಯರು ಮತ್ತು ಆಸ್ಪತ್ರೆಯ ಸಿಬ್ಬಂದಿ: ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುವವರು ಹೆಪಟೈಟಿಸ್-ಬಿ, ದಡಾರ, ರುಬೆಲ್ಲಾ, ಸೀತಾಳೆ ಸಿಡುಬುಗಳ ವಿರುದ್ಧ ರಕ್ಷಣೆಯಿರುವುದನ್ನೂ, ಕ್ಷಯರೋಗವಿಲ್ಲದಿರುವುದನ್ನೂ ದಾಖಲೆಯಿಂದ ತೋರಿಸಬೇಕಾಗುತ್ತದೆ. ಹೆಪಟೈಟಿಸ್-ಬಿ ಲಸಿಕೆಯ ಕೊನೆಯ ಚುಚ್ಚಿನ ಒಂದೆರಡು ತಿಂಗಳ ನಂತರ ರಕ್ತದಲ್ಲಿ ಪ್ರತಿಕಾಯದ ಪ್ರಮಾಣವನ್ನು ಅಳೆಸಿ ಆ ವರದಿಯನ್ನು ಜೊತೆಗಿಟ್ಟುಕೊಳ್ಳಬೇಕು. ಆರು ತಿಂಗಳ ಲೆಕ್ಕಕ್ಕೆ ಈ ಒಂದೆರಡು ತಿಂಗಳನ್ನೂ ಸೇರಿಸಿಕೊಂಡರೆ, ದಾದಿಯಾಗಿ ಹೊರಡುವವರು ಎಂಟು ತಿಂಗಳ ಮೊದಲೇ ಆರಂಭಿಸಬೇಕಾಗುತ್ತದೆ.

ಅಡುಗೆಯವರು ಮತ್ತು ಹೋಟೆಲು ನೌಕರರು: ಟೈಫಾಯಿಡ್ ಎಂಬ ವಿಷಮಶೀತ ಜ್ವರವೂ ಹೆಪಟೈಟಿಸ್-ಎ ಎಂಬ ಕಾಮಾಲೆಯೂ ಅನ್ನ ನೀರುಗಳ ಮೂಲಕ ಹರಡುತ್ತವೆ. ಅಡುಗೆಮನೆಯಲ್ಲಿ ಒಬ್ಬರಿಗೆ ರೋಗ ತಗುಲಿದರೆ ಊಟಕ್ಕೆ ಬಂದ ಅನೇಕರಿಗೆ ತಗುಲಬಹುದು. ಈ ಎರಡಕ್ಕೂ ಲಸಿಕೆಗಳಿವೆ.

ಕಟ್ಟಡ ಮತ್ತು ಕಾರ್ಖಾನೆ ಕಾರ್ಮಿಕರು: ಮೊಳೆ, ಕಬ್ಬಿಣದ ಸರಳು, ಮಣ್ಣು ತಾಗಿದ ಗಾಯ ಇವು ಇಲ್ಲಿ ದಿನನಿತ್ಯದ ಸಂಗತಿ. ಧನುರ್ವಾಯು ಮತ್ತು ಗಂಟಲುಮಾರಿಗಳನ್ನು ತಡೆಯುವ ಲಸಿಕೆಯ ಬಲವರ್ಧಕ ಚುಚ್ಚನ್ನು ಹತ್ತು ವರ್ಷಗಳಿಗೊಮ್ಮೆ ಪಡೆಯಬೇಕು.

ಸೌದಿ ಅರೇಬಿಯಕ್ಕೆ ಹಜ್ ಅಥವಾ ಉಮ್ರಾ ಯಾತ್ರೆಗೆ ಹೋಗುವವರು, ಹಜ್ ಪ್ರದೇಶದಲ್ಲಿ ತಾತ್ಕಾಲಿಕ ಕೆಲಸಕ್ಕೆ ಹೋಗುವವರು: ಮೆದುಳುಪೊರೆಯ ಉರಿಯೂತವನ್ನು ಉಂಟುಮಾಡುವ ನಾಲ್ಕು ಬಗೆಯ ರೋಗಾಣುಗಳ ವಿರುದ್ಧದ ಲಸಿಕೆಯನ್ನು ತಲುಪುವ ಕನಿಷ್ಠ ಹತ್ತು ದಿನ ಮೊದಲು ಪಡೆದಿರಬೇಕು.

ಲಸಿಕೆಯಿಂದ ತಡೆಯಲಾಗದ ರೋಗವೂ ಒಂದಿದೆ. ವಯಸ್ಕ ಪ್ರಯಾಣಿಕರಿಗೆ ಕೊಡುವ ಮಲೇರಿಯಾ ಲಸಿಕೆ ಇಲ್ಲ. ಆಫ್ರಿಕಕ್ಕೆ ಹೋಗುವವರು ವೈದ್ಯರು ಸೂಚಿಸಿದ ಪ್ರತಿಬಂಧಕ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು, ಸೊಳ್ಳೆಪರದೆಯನ್ನು ಬಳಸಬೇಕು. ಹಳದಿ ಜ್ವರದ ಲಸಿಕೆ ಪಡೆದಿದ್ದೇವೆಂದು ಮಲೇರಿಯಾವನ್ನು ಮರೆಯಬಾರದು.

5. ಮಕ್ಕಳನ್ನು ಕರೆದೊಯ್ಯುವವರಿಗೆ

ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತಾತ್ಕಾಲಿಕ ಉದ್ಯೋಗ ವೀಸಾದ ಮೇಲೆ ಹೋಗುವವರಿಂದ ಲಸಿಕೆಯ ದಾಖಲೆಯನ್ನು ಕೇಳುವುದಿಲ್ಲ. ಅಲ್ಲಿ ಖಾಯಂ ವಾಸದ ಅನುಮತಿ ಕೋರುವವರಿಂದ ಕೇಳುತ್ತಾರೆ. ಆದರೆ ಜೊತೆಯಲ್ಲಿ ಹೋದ ಮಗುವನ್ನು ಶಾಲೆಗೆ ಸೇರಿಸುವ ದಿನವೇ ಲಸಿಕೆಯ ಪ್ರಶ್ನೆ ಎದುರಾಗುತ್ತದೆ. ನಮ್ಮಲ್ಲಿ ಎಲ್ಲ ಲಸಿಕೆಗಳನ್ನೂ ಕ್ರಮವಾಗಿ ಹಾಕಿಸಿದ ತಂದೆತಾಯಿಗಳೂ ಅಲ್ಲಿ ‘ಪೂರ್ಣವಾಗಿಲ್ಲ’ ಎಂಬ ಉತ್ತರ ಕೇಳಿ ಬೆರಗಾಗುತ್ತಾರೆ. ಇದಕ್ಕೆ ಕಾರಣ ಎರಡು ದೇಶಗಳ ವೇಳಾಪಟ್ಟಿಗಳಲ್ಲಿರುವ ವ್ಯತ್ಯಾಸ.

ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಚುಚ್ಚನ್ನು ಒಂಬತ್ತು ತಿಂಗಳು ತುಂಬಿದಾಗ ಕೊಡುತ್ತಾರೆ. ನಮ್ಮ ಪರಿಸ್ಥಿತಿಗೆ ಅದು ಸರಿಯಾದದ್ದೇ. ಆದರೆ ಅಮೆರಿಕದ ಶಾಲೆಗಳು ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಕೊಟ್ಟ ಚುಚ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲದೆ ಅವರ ಲಸಿಕೆಯಲ್ಲಿ ಮಂಪ್ಸ್ ಎಂಬ ಮಂಗನಬಾವಿನ ಅಂಶವೂ ಸೇರಿರುತ್ತದೆ. ನಮ್ಮ ಸರ್ಕಾರಿ ಲಸಿಕೆಯಲ್ಲಿ ಅದಿಲ್ಲ. ಸೀತಾಳೆ ಸಿಡುಬಿನ ಲಸಿಕೆಯೂ ನಮ್ಮ ಕಾರ್ಯಕ್ರಮದಲ್ಲಿಲ್ಲ. ಪೋಲಿಯೋ ಹನಿಗಳ ವಿಷಯದಲ್ಲಿ, ಮೂರು ಬಗೆಯ ವೈರಾಣುಗಳ ವಿರುದ್ಧವೂ ರಕ್ಷಣೆ ಕೊಡುವ ಲಸಿಕೆಯನ್ನು ಮಾತ್ರ ಅವರು ಎಣಿಸುತ್ತಾರೆ. ಭಾರತವು 2016ರ ಏಪ್ರಿಲ್‌ನಿಂದ ಎರಡು ಬಗೆಯ ವೈರಾಣುಗಳ ಹನಿಗೆ ಬದಲಾಯಿಸಿಕೊಂಡಿದೆ.

ಇದರಿಂದ ನಮ್ಮ ಲಸಿಕೆಗಳು ಕೀಳೆಂದು ತಿಳಿಯಬಾರದು. ಆಯಾ ದೇಶವು ತನ್ನಲ್ಲಿರುವ ರೋಗಗಳಿಗೆ ತಕ್ಕಂತೆ ವೇಳಾಪಟ್ಟಿಯನ್ನು ರೂಪಿಸಿಕೊಂಡಿರುತ್ತದೆ. ಹೊರಡುವ ಎರಡು ಮೂರು ತಿಂಗಳ ಮೊದಲು ಮಗುವಿನ ಕಾರ್ಡನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಕೊರತೆಯಿರುವ ಲಸಿಕೆಗಳನ್ನು ಇಲ್ಲಿಯೇ ಹಾಕಿಸಿಕೊಂಡರೆ ಶಾಲೆಯ ದಿನಗಳು ವ್ಯರ್ಥವಾಗುವುದಿಲ್ಲ.

6. ದಾಖಲೆಯಿಲ್ಲದ ಲಸಿಕೆ ಲೆಕ್ಕಕ್ಕಿಲ್ಲ

ಚಿಕ್ಕಂದಿನಲ್ಲಿ ಎಲ್ಲವನ್ನೂ ಹಾಕಿಸಿದ್ದೇವೆಂಬ ತಾಯಿಯ ಮಾತು ನಿಜವಾಗಿದ್ದರೂ ಅದನ್ನು ಹೊರದೇಶದ ಕಚೇರಿ ಒಪ್ಪುವುದಿಲ್ಲ. ಬರೆದ ದಾಖಲೆ ಬೇಕು. ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈ ದಾಖಲೆಗಳು ಹಲವೆಡೆ ಚದುರಿಹೋಗಿರುವುದು ಸಾಮಾನ್ಯ. ಹೆರಿಗೆಗೆಂದು ತವರಿಗೆ ಹೋದಾಗ ಹಾಕಿಸಿದ ಮೊದಲ ಲಸಿಕೆಗಳು ಕನ್ನಡದ ಕಾರ್ಡಿನಲ್ಲಿ, ನಂತರದವು ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯ ಕಾರ್ಡಿನಲ್ಲಿ ಇರುತ್ತವೆ. ಇವೆಲ್ಲವನ್ನೂ ಒಟ್ಟುಗೂಡಿಸಿ, ಒಂದೇ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ, ನೋಂದಾಯಿತ ವೈದ್ಯರ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಬೇಕು. ಹೆಸರು ಮತ್ತು ಜನ್ಮದಿನಾಂಕ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು.

ತಾರೀಖು ಬರೆಯುವಾಗ ತಿಂಗಳನ್ನು ಅಕ್ಷರಗಳಲ್ಲಿ ಬರೆಸುವುದು ಕ್ಷೇಮ. 5-6 ಎಂಬುದನ್ನು ನಾವು ಜೂನ್ ತಿಂಗಳ ಐದನೆಯ ದಿನವೆಂದು ಓದುತ್ತೇವೆ; ಅಮೆರಿಕದವರು ಮೇ ತಿಂಗಳ ಆರನೆಯ ದಿನವೆಂದು ಓದುತ್ತಾರೆ. ಎರಡು ಚುಚ್ಚುಗಳ ನಡುವಿನ ಅಂತರವನ್ನು ಎಣಿಸುವಾಗ ಈ ವ್ಯತ್ಯಾಸವೇ ಒಂದು ಚುಚ್ಚನ್ನು ಅಸಿಂಧುಗೊಳಿಸಬಲ್ಲದು. ಮೂಲ ದಾಖಲೆಯನ್ನು ಕೈಚೀಲದಲ್ಲಿಟ್ಟುಕೊಂಡು, ಒಂದು ಪ್ರತಿಯನ್ನು ಊರಿನಲ್ಲಿ ಬಿಟ್ಟು ಹೋಗಬೇಕು.

7. ಯಾರು ಎಚ್ಚರ ವಹಿಸಬೇಕು

ಹಳದಿ ಜ್ವರ, ದಡಾರ, ಸೀತಾಳೆ ಸಿಡುಬುಗಳ ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣುಗಳಿರುತ್ತವೆ. ಇಂಥ ಎರಡು ಲಸಿಕೆಗಳನ್ನು ಒಂದೇ ದಿನ ಪಡೆಯಬೇಕು. ಇಲ್ಲವೇ ನಡುವೆ ನಾಲ್ಕು ವಾರಗಳ ಅಂತರವಿರಬೇಕು. ಕ್ಷಯದ ಚರ್ಮ ಪರೀಕ್ಷೆಯನ್ನೂ ಇಂಥ ಲಸಿಕೆಯ ದಿನವೇ ಅಥವಾ ನಾಲ್ಕು ವಾರಗಳ ನಂತರ ಮಾಡಿಸಬೇಕು.

ಒಂಬತ್ತು ತಿಂಗಳೊಳಗಿನ ಶಿಶುಗಳಿಗೆ, ಮೊಟ್ಟೆ ತಿಂದರೆ ತೀವ್ರ ಅಲರ್ಜಿಯಾಗುವವರಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಹಳದಿ ಜ್ವರದ ಲಸಿಕೆ ಹಾಕುವುದಿಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು 60 ವರ್ಷ ಮೀರಿದವರು ವೈದ್ಯರೊಡನೆ ಸಮಾಲೋಚಿಸಬೇಕು. ರುಬೆಲ್ಲಾ ಅಂಶವಿರುವ ಲಸಿಕೆ ಪಡೆದ ಮಹಿಳೆ ಕನಿಷ್ಠ ಒಂದು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಇರುವ ಕಾಯಿಲೆಯನ್ನು ಲಸಿಕಾ ಕೇಂದ್ರದಲ್ಲಿ ಮುಚ್ಚಿಡಬಾರದು.

8. ತಲುಪಿದ ನಂತರ

ಹೊರಡುವ ಮುನ್ನ ಎಲ್ಲವೂ ಮುಗಿಯಲಿಲ್ಲವೆಂದು ನಿರಾಶರಾಗಬೇಕಿಲ್ಲ. ಹೆಪಟೈಟಿಸ್-ಬಿಯ ಒಂದೆರಡು ಚುಚ್ಚುಗಳು ಇಲ್ಲಿ ಆಗಿದ್ದರೆ ಉಳಿದದ್ದನ್ನು ಅಲ್ಲಿ ಪಡೆಯಬಹುದು. ಮತ್ತೆ ಮೊದಲಿನಿಂದ ಆರಂಭಿಸುವ ಅಗತ್ಯವಿಲ್ಲ. ಧನುರ್ವಾಯುವಿನ ಬಲವರ್ಧಕ ಚುಚ್ಚನ್ನೂ, ಪ್ರತಿವರ್ಷದ ಫ್ಲೂ ಲಸಿಕೆಯನ್ನೂ ಅಲ್ಲಿಯೇ ಪಡೆಯಬಹುದು. ಆದ್ದರಿಂದ ಹೊಸ ಊರಿನಲ್ಲಿ ನೆಲೆಸಿದ ಕೂಡಲೇ ಒಬ್ಬ ವೈದ್ಯರ ಬಳಿ ಹೆಸರು ನೋಂದಾಯಿಸಿ ದಾಖಲೆಯನ್ನು ತೋರಿಸಬೇಕು.

ನಮ್ಮಲ್ಲಿ ಹುಟ್ಟಿದ ಬಹುಮಂದಿಗೆ ಶೈಶವದಲ್ಲಿ ಬಿ.ಸಿ.ಜಿ. ಲಸಿಕೆ ಹಾಕಿರುತ್ತಾರೆ. ಇದರಿಂದಾಗಿ ಕ್ಷಯದ ಚರ್ಮ ಪರೀಕ್ಷೆಯಲ್ಲಿ ಸೋಂಕಿಲ್ಲದಿದ್ದರೂ ಊತ ಕಾಣಿಸಬಹುದು. ಬಿ.ಸಿ.ಜಿ. ಪಡೆದಿರುವುದನ್ನು ವೈದ್ಯರಿಗೆ ತಿಳಿಸಿದರೆ, ಆ ಲಸಿಕೆಯಿಂದ ಏರುಪೇರಾಗದ ರಕ್ತ ಪರೀಕ್ಷೆಯನ್ನು ಅವರು ಸೂಚಿಸಬಹುದು.

ಕೆಲವು ವರ್ಷಗಳ ನಂತರ ಊರಿಗೆ ಬರುವಾಗಲೂ ಸಿದ್ಧತೆ ಬೇಕು. ಹುಟ್ಟಿದ ಊರೆಂಬ ಮಾತ್ರಕ್ಕೆ ಅಲ್ಲಿನ ರೋಗಗಳು ನಮ್ಮನ್ನು ಬಿಡುವುದಿಲ್ಲ. ದೂರ ಉಳಿದಷ್ಟೂ ಮಲೇರಿಯಾದಂಥ ರೋಗಗಳನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ. ಹೊರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಟೈಫಾಯಿಡ್ ಮತ್ತು ಹೆಪಟೈಟಿಸ್-ಎ ಲಸಿಕೆಗಳನ್ನು ಹಾಕಿಸಿಯೇ ಅಜ್ಜಿಯ ಮನೆಗೆ ಕರೆತರುವುದು ಒಳ್ಳೆಯದು.

ಪಾಠದ ಸಾರ

ಎಂಟು ತಿಂಗಳ ಮೊದಲು: ರಕ್ತ ಪರೀಕ್ಷೆ, ಅನಂತರ ಹೆಪಟೈಟಿಸ್-ಬಿಯ ಮೊದಲ ಚುಚ್ಚು.
ಮೂರು ತಿಂಗಳ ಮೊದಲು: ಮಕ್ಕಳ ಲಸಿಕಾ ಕಾರ್ಡುಗಳ ಪರಿಶೀಲನೆ, ದಾಖಲೆಗಳ ಸಂಗ್ರಹ.
ಒಂದು ತಿಂಗಳ ಮೊದಲು: ಅಗತ್ಯವಿದ್ದಲ್ಲಿ ಹಳದಿ ಜ್ವರದ ಲಸಿಕೆ, ಟೈಫಾಯಿಡ್, ಧನುರ್ವಾಯು ಲಸಿಕೆಗಳು.
ಹತ್ತು ದಿನಗಳ ಮೊದಲು: ಇದು ಹಳದಿ ಜ್ವರದ ಲಸಿಕೆಗೆ ಕೊನೆಯ ಗಡುವು.
ತಲುಪಿದ ನಂತರ: ವೈದ್ಯರಲ್ಲಿ ನೋಂದಣಿ; ಉಳಿದ ಚುಚ್ಚುಗಳ ಮುಕ್ತಾಯ.

ಅಭ್ಯಾಸ

1. ಮಾರ್ಚ್ 20ರಂದು ಉಗಾಂಡವನ್ನು ತಲುಪುವವರು ಹಳದಿ ಜ್ವರದ ಲಸಿಕೆಯನ್ನು ಯಾವ ದಿನದೊಳಗೆ ಪಡೆದಿರಬೇಕು?
2. ಕೆನ್ಯ ಕೇಳದಿದ್ದರೂ ಅಲ್ಲಿಗೆ ಹೋಗುವ ಭಾರತೀಯರಿಗೆ ಈ ಪ್ರಮಾಣಪತ್ರ ಏಕೆ ಬೇಕು?
3. ಹೆಪಟೈಟಿಸ್-ಬಿ ವಿಷಯದಲ್ಲಿ ಪರೀಕ್ಷೆ ಮೊದಲೋ, ಲಸಿಕೆ ಮೊದಲೋ? ಕಾರಣವೇನು?
4. ನಿಮ್ಮ ಮನೆಯವರ ಲಸಿಕೆಯ ದಾಖಲೆಗಳು ಈಗ ಎಲ್ಲೆಲ್ಲಿವೆ, ಯಾವ ಯಾವ ಭಾಷೆಗಳಲ್ಲಿವೆ? ಪಟ್ಟಿ ಮಾಡಿರಿ.